ಗಡ್ಡಿಗೆ ಟಿಕೀಟಿಲ್ಲ

ಹನ್ನೊಂದು ವರ್ಷ ರಾಯಚೂರು ಸ್ಟೇಷನ್ನಿನ
ಎರಡನೇ ಕಿಂಡಿಯಲ್ಲಿ ಕೂತು
ಬೇರೆಯವರ ಊರುಗಳನ್ನು ಹರಿದು ಹರಿದು ಕೊಟ್ಟವಳು ನಾನು.
ವಾಡಿ, ಗುಂತಕಲ್, ರಾಮೇಶ್ವರಕ್ಕೆ ಎರಡು ಫುಲ್ಲು ಒಂದು ಹಾಫು,
ಚಿಲ್ಲರೆ ಕೊಡ್ರಿ, ಮುಂದಿನವರು ಬರ್ರಿ.

ಬೆನ್ನ ಹಿಂದೆ ಸಿಮೆಂಟು ಕಂಪನಿಯ ಕ್ಯಾಲೆಂಡರು.
ಮೇ ತಿಂಗಳಲ್ಲಿ ಅದರೊಳಗೊಂದು ದ್ವೀಪ:
ಬಾಗಿದ ತೆಂಗು, ಪುಡಿಸಕ್ಕರೆಯಂಥ ಮರಳು,
ಯಾರೋ ಈಗಷ್ಟೇ ಎದ್ದುಹೋದಂಥ ಖಾಲಿ ಕುರ್ಚಿ.
ಜೂನು ಬಂತು, ಜುಲೈ ಬಂತು,
ನಾನು ಹಾಳೆ ತಿರುವಲಿಲ್ಲ.
ಪಗಾರದ ದಿನ ಲೆಕ್ಕ ಹಾಕಿದೆ, ಎರಡು ಸಲ.
ತೆಂಗಿನವರೆಗೆ ಹೋಗುತ್ತಿತ್ತು ದುಡ್ಡು;
ಕುರ್ಚಿಯವರೆಗೆ ಇಲ್ಲ.

ಅದಕ್ಕೇ ಈ ಭಾನುವಾರ
ದೇವಸೂಗೂರಿನ ಬಸ್ಸು, ಆಮೇಲೊಂದು ಟಂಟಂ,
ಆಮೇಲೆ ಹತ್ತಿ ಹೊಲದ ಬದುವಿನಲ್ಲಿ
ಚಪ್ಪಲಿ ಕೈಲಿ ಹಿಡಿದು
ಕೃಷ್ಣೆಯ ದಂಡೆಗೆ ಬಂದೆ.

ಹುಸೇನಪ್ಪನ ಹರಗೋಲು ಬೋರಲು ಬಿದ್ದಿತ್ತು
ತೊಳೆದಿಟ್ಟ ಕಡಾಯಿಯ ಹಾಗೆ.
ಬಿದಿರಿನ ಎಲುಬು, ಯೂರಿಯಾ ಚೀಲದ ಚರ್ಮ, ಮೇಲೆ ಡಾಂಬರು.
‘ಎಷ್ಟು?’
‘ಹೋಗಾಕ ಇಪ್ಪತ್ತು.’
‘ಬರಾಕ?’
‘ಬರಾಕ ಏನೂ ಇಲ್ರಿ. ನಿಮ್ಮನ್ನ ಅಲ್ಲಿ ಇಟ್ಕಂಡು ಏನ್ಮಾಡಾದು?’
ರೂಢಿಗೆ ಕೈ ತಾನೇ ಚಾಚಿತು ಟಿಕೀಟಿಗೆ.
ಅಂಗೈಯಲ್ಲಿ ಒಂದು ಪೇಂಟಿನ ಡಬ್ಬಿ ಇಟ್ಟ:
‘ನೀರು ಬಂದ್ರ ಚೆಲ್ರಿ.’

ಹರಗೋಲಿಗೆ ನೇರ ಹೋಗಿ ಗೊತ್ತಿಲ್ಲ.
ಎದುರಿದ್ದ ದಂಡೆ ಬೆನ್ನಿಗೆ ಬಂತು, ಬೆನ್ನಿಂದ ಮತ್ತೆ ಎದುರಿಗೆ.
ಶಕ್ತಿನಗರದ ಚಿಮಣಿಗಳು
ಹೆಣ್ಣು ನೋಡಲು ಬಂದವರ ಹಾಗೆ
ಒಬ್ಬೊಬ್ಬರೇ ಇಣುಕಿ, ಏನೂ ಹೇಳದೆ ಹೋದರು.
ನನ್ನ ಜೊತೆ ಒಂದು ಗ್ಯಾಸ್ ಸಿಲಿಂಡರು, ಒಂದು ಆಡಿನ ಮರಿ.
‘ಮೊಸಳಿ ಅದಾವೇನು?’
‘ಅದಾವ್ರಿ. ಅವೂ ನಮ್ಮನ್ನ ನೋಡ್ಯಾವ.’

ತೆಂಗಿಲ್ಲ ಗಡ್ಡಿಯಲ್ಲಿ. ಜಾಲಿ, ಬೇವು, ಶೇಂಗಾ ಹೊಲ,
ಆರು ಮನೆ, ಒಂದು ಬೋರಿಂಗು,
ಹರಗೋಲಿನಲ್ಲೇ ಬಂದಿಳಿದ ಒಂದು ಬೈಕು.
ಅದಕ್ಕೆ ಓಡಲು ಇರುವುದು ಮೂರು ಫರ್ಲಾಂಗು.
ಆದರೂ ಹುಡುಗ ಹಾರ್ನು ಹೊಡೆಯುತ್ತಿದ್ದ, ಕೋಳಿಗಳಿಗೆ.

ಬೇವಿನ ಬುಡದಲ್ಲಿ ಸೂಗಮ್ಮ ಕಾಯಿ ಬಿಡಿಸುತ್ತಿದ್ದಳು.
‘ಏನು ನೋಡಾಕ ಬಂದಿಯವ್ವ?’
‘ಗಡ್ಡಿ.’
‘ಅದರ ಮ್ಯಾಲೇ ನಿಂತೀಯಲ್ಲ, ಇನ್ನೇನು ನೋಡ್ತಿ!’
ಹಸಿ ಶೇಂಗಾ ಸುರಿದಳು ನನ್ನ ಸೆರಗಿಗೆ.
‘ನಿಮ್ಮನಿ ಸುತ್ತ ಏನೈತಿ?’
‘ಮುಂದ ಹೈದರಾಬಾದ್ ರೋಡು, ಹಿಂದ ರೈಲಿನ ಹಳಿ.’
‘ದಾಟಸಾಕ ಯಾರದಾರ?’
ಬಾಯಲ್ಲಿ ಶೇಂಗಾ ಇತ್ತು, ಪುಣ್ಯಕ್ಕೆ.

ಸುತ್ತು ಹಾಕಿದೆ, ಮುಕ್ಕಾಲು ತಾಸು.
ಈ ತುದಿಯಲ್ಲಿ ಹೊಳೆ ಒಡೆಯುತ್ತದೆ,
ಆ ತುದಿಯಲ್ಲಿ ಕೂಡುತ್ತದೆ,
ನಡುವೆ ನಡೆದದ್ದನ್ನು ಎರಡೂ ಎತ್ತುವುದಿಲ್ಲ.
ಮರಳಲ್ಲಿ ಯಾರದೋ ಹೆಜ್ಜೆ ಕಂಡು ಹಿಗ್ಗಿದೆ;
ನನ್ನವೇ.

ಅಲ್ಲಿ, ಹೋದ ವರ್ಷದ ಮಹಾಪೂರ ತಂದೆಸೆದ
ಒಂದು ಪ್ಲಾಸ್ಟಿಕ್ ಕುರ್ಚಿ.
ಯಾವ ಊರಿನ ಮದುವೆಯದೋ,
ಬೆನ್ನಿಗೆ ಶಾಮಿಯಾನದವನ ಅರ್ಧ ಹೆಸರು, ಕಾಲು ಮೂರೇ.
ಕಲ್ಲು ಒತ್ತುಕೊಟ್ಟು ಕೂತೆ.
ನೆಟ್ಟಗೆ ಕೂರಲಾಗಲಿಲ್ಲ,
ನೀರಿನ ಕಡೆ ವಾಲಿಯೇ ಕೂತೆ
ಕ್ಯಾಲೆಂಡರಿನ ತೆಂಗಿನ ಹಾಗೆ.

ದೂರದ ಸೇತುವೆಯ ಮೇಲೆ ರೈಲು ಹೋಯಿತು,
ನಿನ್ನೆ ನಾನು ಕಳಿಸಿದವರನ್ನು ತುಂಬಿಕೊಂಡು.
ಕೈ ಬೀಸಿದೆ.
ಯಾರಾದರೂ ನೋಡಿದ್ದರೆ
ಹೊಳೆ ನಡುವೆ ಇದೇನು ಕುರ್ಚಿ ಅಂದುಕೊಂಡಿರಬೇಕು,
ಅಷ್ಟರಲ್ಲಿ ಮುಗಿದಿರಬೇಕು ಸೇತುವೆ.

ಬರುವಾಗ ನಿಜಕ್ಕೂ ನೀರು ಬಂತು,
ಡಾಂಬರು ಬಿಟ್ಟ ಒಂದು ಸಂದಿನಿಂದ.
ಹುಸೇನಪ್ಪ ತಿರುಗಿ ಕೂಡ ನೋಡಲಿಲ್ಲ.
ಪೇಂಟಿನ ಡಬ್ಬಿಯಲ್ಲಿ ತೋಡಿ ತೋಡಿ
ಹೊಳೆಯನ್ನು ಹೊಳೆಗೇ ಕೊಟ್ಟೆ,
ಎಣಿಸಿ ಎಣಿಸಿ,
ಚಿಲ್ಲರೆ ವಾಪಸು ಕೊಟ್ಟ ಹಾಗೆ.